'ಬರುತ್ತೆ' ಎಂಬ ಮಾತಿಗೆ ಎಷ್ಟು ದುಡ್ಡು ಕೊಡಬಹುದು?

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದಲ್ಲಿ ಹನ್ನೊಂದು ವರ್ಷದಿಂದ ಬಾಡಿಗೆ ಮನೆಯಲ್ಲಿದ್ದೇವೆ. ಬಾಡಿಗೆ 17,000. ನಾನು ಇಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಟೀಚರ್, ಕೈಗೆ ಸಿಗುವುದು 24,000. ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮಷಿನಿಸ್ಟ್. ಓಟಿ ಸೇರಿದರೆ 54,000, ಇಲ್ಲದ ತಿಂಗಳು 45,000. ಅವರಿಗೆ 43 ವರ್ಷ. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ, ಮಗ ಆರನೇ ಕ್ಲಾಸು. ಎಫ್‌ಡಿ, ಚೀಟಿ ಎಲ್ಲ ಸೇರಿ 14 ಲಕ್ಷ ಉಳಿಸಿದ್ದೇವೆ. ಹೋದ ವರ್ಷ ಕುಣಿಗಲ್ ಹತ್ತಿರದ ನಮ್ಮ ತವರಿನ ಜಮೀನು ಮಾರಿದರು. ಆಗ ಕೊಳ್ಳುವವರು ಪಟ್ಟು ಹಿಡಿದಿದ್ದರಿಂದ ಅಣ್ಣಂದಿರು ನನ್ನನ್ನೂ ಸಹಿಗೆ ಕರೆಸಿದರು, ನನ್ನ ಪಾಲೆಂದು 16 ಲಕ್ಷ ಕೊಟ್ಟರು. ಒಟ್ಟು 30 ಲಕ್ಷ ಇದೆ.

ಮೂರು ಜಾಗ ನೋಡಿದ್ದೇವೆ. ಮೊದಲನೆಯದು ಕೆಂಗೇರಿಯಲ್ಲಿ 2014ರಲ್ಲಿ ಕಟ್ಟಿದ ಎರಡು ಬೆಡ್‌ರೂಮಿನ ಫ್ಲ್ಯಾಟ್, 60 ಲಕ್ಷ ಹೇಳುತ್ತಾರೆ. ಹದಿನೈದು ನಿಮಿಷ ನಡೆದರೆ ಮೆಟ್ರೋ ಇದೆ. ಎರಡನೆಯದು ಅಂದ್ರಹಳ್ಳಿ ಕಡೆ 20×30 ಸೈಟು, ಬಿ ಖಾತೆ, 42 ಲಕ್ಷ. ಕಾವೇರಿ ನೀರು ಬರುತ್ತೆ, ಎ ಖಾತೆನೂ ಬರುತ್ತೆ ಅಂತ ಮಾರುವವರು ಹೇಳಿದರು. ಮೂರನೆಯದು ನಮ್ಮ ಮೈದುನ ತೋರಿಸಿದ್ದು. ನೆಲಮಂಗಲದಿಂದ ಆಚೆ ಒಂದು ಲೇಔಟಿನಲ್ಲಿ 30×40 ಸೈಟು, 21 ಲಕ್ಷ, ಸಾಲ ಸಿಗುವುದಿಲ್ಲ, ಪೂರ್ತಿ ಕ್ಯಾಶ್. "ಅತ್ತಿಗೆ, ಮೆಟ್ರೋ ಬರುತ್ತೆ, ಸಬರ್ಬನ್ ರೈಲು ಬರುತ್ತೆ, ಮೂರು ವರ್ಷಕ್ಕೆ ಡಬಲ್" ಎನ್ನುತ್ತಾನೆ. ಅವನೂ ಅಲ್ಲಿ 10 ಲಕ್ಷ ಹಾಕಿದ್ದಾನೆ. ಬುಕಿಂಗಿಗೆ ಈ ವಾರವೇ 2 ಲಕ್ಷ ಕೊಡಬೇಕಂತೆ. ಯಜಮಾನರಿಗೆ ತಮ್ಮನ ಮಾತೇ ಸರಿ ಅನ್ನಿಸಿದೆ. ನನಗೆ ರಾತ್ರಿ ನಿದ್ದೆ ಇಲ್ಲ. ಈಗ ಬಿಟ್ಟರೆ ಇನ್ನು ಈ ಊರಲ್ಲಿ ನಮಗೆ ನೆಲವೇ ಸಿಗುವುದಿಲ್ಲವೇನೋ ಎಂಬ ಭಯ ಒಂದು ಕಡೆ, ತವರಿನ ದುಡ್ಡು ಕಳೆದುಕೊಂಡರೆ ಎಂಬ ಭಯ ಇನ್ನೊಂದು ಕಡೆ. ಏನು ಮಾಡಲಿ?

— ಹೆಸರು ಬೇಡ, ವಿಜಯನಗರ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ಬರುತ್ತೆ' ಎಂಬ ಮಾತು ಅದರಲ್ಲಿ ನಾಲ್ಕು ಸಲ ಇದೆ. ಮೆಟ್ರೋ 'ಇದೆ' ಎಂದು ಬರೆದಿರುವುದು ಕೆಂಗೇರಿಗೆ ಮಾತ್ರ.

ನಮ್ಮ ಭಾಷೆಯಲ್ಲಿ ಒಂದು ತಮಾಷೆ ನೋಡಿ. 'ನಮ್ಮ ಬೀದಿಗೆ ದಿನಾ ಹಾಲು ಬರುತ್ತೆ' ಅಂದರೂ ಬರುತ್ತೆ, 'ಇಲ್ಲಿಗೆ ಮೆಟ್ರೋ ಬರುತ್ತೆ' ಅಂದರೂ ಬರುತ್ತೆ. ದಿನಾ ನಡೆಯುವುದಕ್ಕೂ ಎಂದೋ ನಡೆಯಬಹುದಾದದ್ದಕ್ಕೂ ಒಂದೇ ಕ್ರಿಯಾಪದ. ಬೆಂಗಳೂರಿನ ಸುತ್ತಲಿನ ಸೈಟು ವ್ಯಾಪಾರದ ಅರ್ಧ ಭಾಗ ನಿಂತಿರುವುದು ಈ ವ್ಯಾಕರಣದ ಮೇಲೆ. ನಾನು ಬ್ಯಾಂಕಿನ ಗೃಹಸಾಲದ ಮೇಜಿನ ಹಿಂದೆ ಕೂತು ಕೂದಲು ನೆರೆಸಿಕೊಂಡವಳು. ಅಲ್ಲಿ ಕೂತು ಕಲಿತದ್ದೇನೆಂದರೆ, ಬಂದಿರುವುದಕ್ಕೆ ಬೆಲೆ ಕೊಡಬಹುದು, ಬರುವುದಕ್ಕೆ ಕೊಡುವುದಾದರೆ ಕಳೆದುಕೊಂಡರೂ ಊಟಕ್ಕೆ ತೊಂದರೆಯಾಗದಷ್ಟು ಮಾತ್ರ ಕೊಡಬೇಕು.

ಬರುವುದಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದಕ್ಕೆ ನೆಲಮಂಗಲದ ದಾರಿಯಲ್ಲೇ ಸಾಕ್ಷಿ ಇದೆ. ನಾಗಸಂದ್ರದಿಂದ ಮಾದಾವರಕ್ಕೆ ಹಸಿರು ಮಾರ್ಗವನ್ನು ಮೂರು ಚಿಲ್ಲರೆ ಕಿಲೋಮೀಟರ್ ಮುಂದಕ್ಕೆ ಒಯ್ದರಲ್ಲ, ಅದರಲ್ಲಿ ಇರುವುದೇ ಮೂರು ನಿಲ್ದಾಣ. 2017ರಲ್ಲಿ ಗುತ್ತಿಗೆ ಕೊಟ್ಟ ಆ ಕೆಲಸ ಮುಗಿದು ಜನ ಹತ್ತಿದ್ದು 2024ರ ನವೆಂಬರಿನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ತೆರೆದದ್ದು 2025ರ ಆಗಸ್ಟಿನಲ್ಲಿ. ಅದನ್ನೇ ನಂಬಿ ಎಲೆಕ್ಟ್ರಾನಿಕ್ ಸಿಟಿ ಕಡೆ ಮನೆ ಕೊಂಡು, ವರ್ಷಗಟ್ಟಲೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಯುಸ್ಸು ಸವೆಸಿದವರು ನನ್ನ ಸಾಲಗಾರರಲ್ಲೇ ಬೇಕಾದಷ್ಟು ಇದ್ದಾರೆ. ಇನ್ನು ಸಬರ್ಬನ್ ರೈಲು. ಮಂಜೂರಾಗಿರುವುದು ನಾಲ್ಕು ಮಾರ್ಗ: ಮೆಜೆಸ್ಟಿಕ್‌ನಿಂದ ದೇವನಹಳ್ಳಿ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರ, ಕೆಂಗೇರಿಯಿಂದ ವೈಟ್‌ಫೀಲ್ಡ್, ಹೀಲಲಿಗೆಯಿಂದ ರಾಜಾನುಕುಂಟೆ. ಇದರಲ್ಲಿ ನೆಲಮಂಗಲ ಎಲ್ಲಿದೆ ಎಂದು ನಿಮ್ಮ ಮೈದುನನನ್ನೇ ಕೇಳಿ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ 40 ತಿಂಗಳ ಮಾತು ಕೊಟ್ಟಿದ್ದರು. ಆ 40 ತಿಂಗಳು ಕಳೆದು ಹೋಯಿತು, ರೈಲು ಹತ್ತಿದವರು ಯಾರೂ ಇಲ್ಲ. ಮಾದಾವರದಿಂದ ತುಮಕೂರಿನ ತನಕ ಮೆಟ್ರೋ ಎಂಬುದು ಇನ್ನೂ ವರದಿಗಳ ಹಂತದ ಮಾತು. ಬರುವುದೇ ಇಲ್ಲ ಎನ್ನುತ್ತಿಲ್ಲ. ಬರುವ ಹೊತ್ತಿಗೆ ನಿಮ್ಮ ಆರನೇ ಕ್ಲಾಸಿನ ಮಗ ಎಲ್ಲಿರುತ್ತಾನೆ ಎಂದು ಲೆಕ್ಕ ಹಾಕಿ.

ಮೂರರಲ್ಲಿ ಯಾವುದು ಎನ್ನುವ ಮೊದಲು ನನ್ನದೊಂದು ಪ್ರಶ್ನೆ. ನೀವು ಕೊಳ್ಳುತ್ತಿರುವುದು ಮನೆಯೋ, ಹೂಡಿಕೆಯೋ? ನಿಮ್ಮ ಪತ್ರದಲ್ಲಿ ಎರಡೂ ಕಲೆಸಿಹೋಗಿವೆ. ನಿಮ್ಮದೊಂದೇ ಅಲ್ಲ, ನಮ್ಮ ಕಡೆ ಎಲ್ಲರ ತಲೆಯಲ್ಲೂ ಹಾಗೇ. ಸಾಲ ಕೇಳಲು ಬಂದವರನ್ನೆಲ್ಲ ನಾನು ಮೊದಲು ಕೇಳುತ್ತಿದ್ದದ್ದು "ಅಲ್ಲಿ ಮಲಗುವವರು ಯಾರು?" ಎಂದು. ಅರ್ಜಿಯಲ್ಲಿ ಅಂಥ ಕಾಲಂ ಇರಲಿಲ್ಲ. ಆದರೆ ಉತ್ತರ ಕೇಳಿದರೆ ಕಂತು ಸರಿಯಾಗಿ ಕಟ್ಟುತ್ತಾರೋ ಇಲ್ಲವೋ ಅರ್ಧ ಗೊತ್ತಾಗುತ್ತಿತ್ತು.

ಬರೀ ಹೂಡಿಕೆ ಎಂದೇ ನೋಡುವುದಾದರೆ ಲೆಕ್ಕ ಅಷ್ಟೇನೂ ಚೆಂದವಾಗಿಲ್ಲ. ಕೆಂಗೇರಿಯ ಆ ಫ್ಲ್ಯಾಟನ್ನು 18,000ಕ್ಕೆ ಬಾಡಿಗೆಗೆ ಕೊಟ್ಟಿರಿ ಎಂದುಕೊಳ್ಳಿ. ವರ್ಷಕ್ಕೆ 2.16 ಲಕ್ಷ, ಅಂದರೆ 60 ಲಕ್ಷಕ್ಕೆ ಶೇ 3.6. ಆಸ್ತಿ ತೆರಿಗೆ, ಸುಣ್ಣಬಣ್ಣ, ಬಾಡಿಗೆದಾರರಿಲ್ಲದ ಒಂದು ತಿಂಗಳು ಕಳೆದರೆ ಶೇ 3ರ ಆಸುಪಾಸು. ಸಾಲಕ್ಕೆ ಕಟ್ಟುವ ಬಡ್ಡಿ ಶೇ 8.5 ಎಂದಿಟ್ಟುಕೊಳ್ಳೋಣ. ನಡುವಿನ ಕಂದಕವನ್ನು ತುಂಬಬೇಕಾದದ್ದು ಬೆಲೆ ಏರಿಕೆ. 'ಹತ್ತು ವರ್ಷಕ್ಕೆ ದುಪ್ಪಟ್ಟಾಯಿತು' ಎಂದು ಯಾರಾದರೂ ಹೇಳಿದರೆ ನಾವು ಬಾಯಿ ಬಿಟ್ಟು ಕೇಳುತ್ತೇವೆ, ಅಲ್ಲವೇ? ಹತ್ತು ವರ್ಷಕ್ಕೆ ದುಪ್ಪಟ್ಟು ಎಂದರೆ ವರ್ಷಕ್ಕೆ ಶೇ 7.2 ಅಷ್ಟೆ. ಅದರಲ್ಲೂ ನೋಂದಣಿ ಖರ್ಚು ಮೊದಲ ದಿನವೇ ಹೋಗಿರುತ್ತದೆ. ಮೂರು ವರ್ಷಕ್ಕೆ ಡಬಲ್ ಆಗಬೇಕಾದರೆ ವರ್ಷಕ್ಕೆ ಶೇ 26 ಬೆಳೆಯಬೇಕು. ಪ್ರತಿ ವರ್ಷ ಶೇ 26 ಗ್ಯಾರಂಟಿ ಎನ್ನುವ ಚೀಟಿಗೆ ನೀವು ಸೇರುತ್ತಿದ್ದಿರಾ? ನೀವು ಚೀಟಿ ಕಟ್ಟಿದವರು, ಇಂಥ ಮಾತಿಗೆ ಏನರ್ಥ ಎಂದು ನನಗಿಂತ ಚೆನ್ನಾಗಿ ಗೊತ್ತು.

ವಾಸಕ್ಕೆ ಎಂದರೆ ಮಾತು ಬೇರೆ. ಆಗ ಬಾಡಿಗೆ ಉಳಿಯುತ್ತದೆ, ಹನ್ನೊಂದು ತಿಂಗಳಿಗೊಮ್ಮೆ ಮಾಲೀಕರ ಮುಖ ನೋಡುವುದು ತಪ್ಪುತ್ತದೆ, ಮಕ್ಕಳಿಗೆ ಒಂದು ವಿಳಾಸ ಸಿಗುತ್ತದೆ. ಇದಕ್ಕೆ ಶೇಕಡಾವಾರು ಲೆಕ್ಕ ಇಲ್ಲ, ಬೇಕಾಗಿಯೂ ಇಲ್ಲ.

ಹಾಗಾಗಿ ನಿಮ್ಮಂಥವರಿಗೆ, ಅಂದರೆ ಇರುವ ಒಂದೇ ಗಂಟನ್ನು ಒಂದೇ ಸಲ ಇಡಬೇಕಾದವರಿಗೆ, ನಾನು ಹೇಳುವುದು ಇಷ್ಟು: ಮೊದಲು ಮಲಗುವುದಕ್ಕೆ ಕೊಳ್ಳಿ. ಕೊಳ್ಳುವಾಗ, ಊರಿನ ನಡುವಿಗೆ ಇಷ್ಟು ಹತ್ತಿರವಿದ್ದೂ ಇದು ಯಾಕೆ ಅಗ್ಗ ಎಂದು ಕೇಳಿ. ಅಗ್ಗಕ್ಕೆ ಯಾವಾಗಲೂ ಒಂದು ಕಾರಣ ಇರುತ್ತದೆ. ಕೆಲವು ಕಾರಣಗಳನ್ನು ಕಾಲ ಸರಿಮಾಡುತ್ತದೆ: ಬಸ್ಸು ಕಮ್ಮಿ, ರಸ್ತೆ ಹಾಳು, ಕಾರ್ಖಾನೆ ಏರಿಯಾ ಎಂಬ ಹೆಸರು. ಕೆಲವನ್ನು ದುಡ್ಡು ಸರಿಮಾಡುತ್ತದೆ. ಇನ್ನು ಕೆಲವನ್ನು ಯಾವುದೂ ಸರಿಮಾಡುವುದಿಲ್ಲ, ಎಷ್ಟು ಕಾಯುತ್ತೀರೋ ಅಷ್ಟು ಬಿಗಿಯಾಗುತ್ತವೆ. ಮೈದುನ ತೋರಿಸಿದ ಲೇಔಟು ನನಗೆ ಈ ಮೂರನೆಯ ಜಾತಿಯದೆಂದೇ ಅನ್ನಿಸುತ್ತಿದೆ.

ಯಾಕೆಂದರೆ ನೀವು ಒಂದು ಸಾಲನ್ನು ಸಲೀಸಾಗಿ ಬರೆದು ಮುಂದೆ ಹೋಗಿದ್ದೀರಿ: "ಸಾಲ ಸಿಗುವುದಿಲ್ಲ, ಪೂರ್ತಿ ಕ್ಯಾಶ್." ಸಾಲ ಕೊಡುವುದೇ ಕಸುಬಾಗಿರುವ ಬ್ಯಾಂಕುಗಳು ಒಂದು ಜಾಗಕ್ಕೆ ಮಾತ್ರ ಕೊಡುವುದಿಲ್ಲ ಎಂದರೆ ಅವರ ವಕೀಲರು ಕಾಗದ ಓದಿದ್ದಾರೆ ಎಂದರ್ಥ. ಬ್ಯಾಂಕಿನ ಪ್ಯಾನಲ್ ವಕೀಲರ ಅಭಿಪ್ರಾಯಕ್ಕಿಂತ ಅಗ್ಗವಾದ ಎರಡನೇ ಅಭಿಪ್ರಾಯ ಈ ಊರಲ್ಲಿ ಬೇರೆ ಸಿಗುವುದಿಲ್ಲ. ಮನೆ ಕೊಳ್ಳಲು ಪೂರ್ತಿ ಹಣ ಕೈಯಲ್ಲಿರುವವರಿಗೂ ನಾನು ಒಂದು ಸಣ್ಣ ಸಾಲ ಮಾಡಿ ಎನ್ನುವುದು ಇದಕ್ಕೇ.

ಅಂಥ ಲೇಔಟುಗಳಲ್ಲಿ ಸಾಮಾನ್ಯವಾಗಿ ಆಗುವುದು ಹೀಗೆ. ಜಮೀನು ಕೃಷಿಯದ್ದೇ ಆಗಿರುತ್ತದೆ, ಡಿಸಿ ಕನ್ವರ್ಷನ್ ಆಗಿರುವುದಿಲ್ಲ, ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರಾಗಿರುವುದಿಲ್ಲ. ಸುಣ್ಣದಲ್ಲಿ ಗೆರೆ ಎಳೆದು, ಜೆಸಿಬಿ ಓಡಿಸಿ, ಒಂದು ಕಮಾನು ನಿಲ್ಲಿಸಿ, ನಾಲ್ಕು ತಾಳೆ ಗಿಡ ನೆಟ್ಟರೆ ಲೇಔಟು. ಜನ ಅದನ್ನು ರೆವಿನ್ಯೂ ಸೈಟು ಎನ್ನುತ್ತಾರೆ. ಸರ್ಕಾರವೇ ಏನೋ ಸಂಬಂಧಪಟ್ಟಿದೆ ಎಂಬ ಭಾವನೆ ಬರುವಂಥ ಹೆಸರು. ಕೊಡುವುದು ಕೆಲವೊಮ್ಮೆ ಕ್ರಯಪತ್ರವೂ ಅಲ್ಲ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮತ್ತು ಒಂದು ಅಗ್ರಿಮೆಂಟು. ಜಿಪಿಎ ಮೇಲಿನ ಮಾರಾಟದಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿ ಮುಗಿಸಿದೆ. ಪಂಚಾಯಿತಿಯ ಇ-ಸ್ವತ್ತು ತೋರಿಸಿದರೆ ನಮೂನೆ 9 ಇದೆಯೋ ಬರೀ 11ಬಿ ಇದೆಯೋ ನೋಡಿ. ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಪಂಚಾಯಿತಿ ಆ ಲೇಔಟನ್ನು ಸಕ್ರಮ ಎಂದಂತಲ್ಲ. ಜೊತೆಗೆ ಆ ಭಾಗದ ಕೆಲವು ಹಳ್ಳಿಗಳು ತಿಪ್ಪಗೊಂಡನಹಳ್ಳಿ ಜಲಾಶಯದ ಜಲಾನಯನ ಪ್ರದೇಶಕ್ಕೆ ಸೇರಿವೆ. ಅಲ್ಲಿ 2003ರಿಂದ ಕಟ್ಟಡಗಳ ಮೇಲೆ ನಿರ್ಬಂಧ ಇದೆ. ಸರ್ವೆ ನಂಬರ್ ಹಿಡಿದು ಪ್ರಾಧಿಕಾರದಲ್ಲಿ ಕೇಳದೆ ಇದು ಗೊತ್ತಾಗುವುದಿಲ್ಲ.

ಇದೆಲ್ಲಕ್ಕಿಂತ ದೊಡ್ಡದು ಇನ್ನೊಂದು. ಅದು ನಿಮಗೇ ಗೊತ್ತಿದೆ, ನಿಮ್ಮ ಪತ್ರದಲ್ಲೇ ಇದೆ. ಕುಣಿಗಲ್ ಜಮೀನು ಮಾರುವಾಗ ನಿಮ್ಮನ್ನು ಯಾಕೆ ಕರೆಸಿದರು? ಅಣ್ಣಂದಿರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಕರೆಸಿದ್ದು ಕೊಳ್ಳುವವರು ಪಟ್ಟು ಹಿಡಿದಿದ್ದರಿಂದ ಎಂದು ನೀವೇ ಬರೆದಿದ್ದೀರಿ. ಹಿರಿಯರಿಂದ ಬಂದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು 2005ರ ತಿದ್ದುಪಡಿ ಹೇಳಿತು. ಆ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಕುಣಿಗಲ್‌ನಲ್ಲಿ ಆ ಕೊಳ್ಳುವವರು ಎಷ್ಟು ಎಚ್ಚರ ವಹಿಸಿದರೋ ಅಷ್ಟು ಎಚ್ಚರವನ್ನು ಈಗ ನೀವು ವಹಿಸಬೇಕು. ನೆಲಮಂಗಲದ ಆ ಹೊಲಕ್ಕೂ ಒಂದು ಮನೆತನ ಇದೆ, ಆ ಮನೆಯಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳಿದ್ದಾರೆ. ಯಾವುದೋ ಊರಲ್ಲಿ ನಿಮ್ಮ ಹಾಗೆಯೇ ಬಾಡಿಗೆ ಮನೆಯಲ್ಲಿ ಕೂತಿರುವ ಒಬ್ಬಾಕೆಯ ಸಹಿ ಆ ಕಾಗದದಲ್ಲಿ ಇಲ್ಲದಿದ್ದರೆ, ನಾಳೆ ಆಕೆ ಕೋರ್ಟಿಗೆ ಹೋದರೆ ತಪ್ಪು ಆಕೆಯದಲ್ಲ. ವಂಶವೃಕ್ಷ ಕೇಳಿ. ಅದರಲ್ಲಿರುವ ಒಂದೊಂದು ಹೆಸರಿಗೂ ಸಹಿಯನ್ನೋ ಹಕ್ಕು ಬಿಡುಗಡೆ ಪತ್ರವನ್ನೋ ತಾಳೆ ನೋಡಿ. ಜಮೀನು ಮೂಲದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೋ ಎಂಬುದನ್ನೂ ನೋಡಲೇಬೇಕು. ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ ಅದನ್ನು ಪ್ರಶ್ನಿಸಲು ಕಾಲಮಿತಿಯೂ ಇಲ್ಲ. ಬಡವರ ನೆಲ ಬಡವರಿಗೇ ಉಳಿಯಲಿ ಎಂದು ಮಾಡಿದ ಕಾಯ್ದೆ ಅದು, ಸರಿಯಾಗಿಯೇ ಇದೆ. ಗೊತ್ತಿಲ್ಲದೆ ಅದರ ಎದುರು ಹೋಗಿ ನಿಲ್ಲುವವರು ನೀವಾಗಬಾರದು.

ನೆಲಮಂಗಲದ ಸೈಟಿಗೆ 2 ಲಕ್ಷ ಬುಕಿಂಗ್ ಕೊಡಬೇಡಿ. ಈ ವಾರವೂ ಬೇಡ, ಮುಂದಿನ ವಾರವೂ ಬೇಡ. ಎಷ್ಟೋ ವರ್ಷಗಳಿಂದ ಅಲ್ಲೇ ಇರುವ ಭೂಮಿ ಶನಿವಾರದೊಳಗೆ ಎಲ್ಲಿಗೂ ಓಡಿಹೋಗುವುದಿಲ್ಲ.

ಅಂದ್ರಹಳ್ಳಿಯ ಸೈಟನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾರೆ. ಅಲ್ಲಿಂದ ಪೀಣ್ಯಕ್ಕೆ ಸ್ಕೂಟರಿನಲ್ಲಿ ಒಂದು ಕಾಫಿ ಆರುವಷ್ಟರಲ್ಲಿ ಹೋಗಬಹುದು. ಕಟ್ಟಡ ಹಳೆಯದಾಗುತ್ತದೆ, ನೆಲ ಆಗುವುದಿಲ್ಲ ಎಂದು ನಿಮ್ಮ ಮೈದುನ ವಾದಿಸಬಹುದು, ಆ ಮಾತು ನಿಜ. ಇಲ್ಲಿನ ಅಗ್ಗಕ್ಕೆ ಕಾರಣ ಬಿ ಖಾತೆ ಮತ್ತು ನೀರು. ಬಿ ಖಾತೆ ಎಂದರೇನೆಂದು ತಿಳಿಯದೆ ಜನ ಒಂದೋ ಹೆದರಿ ಓಡುತ್ತಾರೆ, ಇಲ್ಲ ಕಣ್ಣು ಮುಚ್ಚಿ ಕೊಳ್ಳುತ್ತಾರೆ. ಖಾತೆ ಮಾಲೀಕತ್ವದ ಪತ್ರವೇ ಅಲ್ಲ, ಎ ಆದರೂ ಸರಿ, ಬಿ ಆದರೂ ಸರಿ. ಅದು ತೆರಿಗೆಯ ಲೆಕ್ಕದ ಪುಸ್ತಕದಲ್ಲಿ ನಿಮ್ಮ ಹೆಸರಿರುವ ಒಂದು ಹಾಳೆ. ಮಾಲೀಕತ್ವ ಇರುವುದು ಕ್ರಯಪತ್ರದಲ್ಲಿ, ಅದರ ಹಿಂದಿನ ಮೂಲಪತ್ರಗಳ ಸರಪಳಿಯಲ್ಲಿ. ಆ ಸರಪಳಿ ಗಟ್ಟಿಯಿದ್ದು, ಬರೀ ಲೇಔಟಿನ ಮಂಜೂರಾತಿ ಇಲ್ಲದ ಕಾರಣಕ್ಕೆ ಬಿ ಆಗಿದ್ದರೆ ಅದು ದುಡ್ಡು ಸರಿಮಾಡಬಹುದಾದ ರೋಗ. 2025ರ ಕೊನೆಯಲ್ಲಿ ಸರ್ಕಾರ ಶುಲ್ಕ ಕಟ್ಟಿಸಿಕೊಂಡು ಬಿ ಯಿಂದ ಎ ಗೆ ಬದಲಿಸುವ ಯೋಜನೆಯನ್ನೂ ತಂದಿತು. ಹಾಗಾದರೆ ನೀವು ಹೇಳಬೇಕಾದದ್ದು: "ಎ ಖಾತೆ ಬರುತ್ತೆ ಅಂದಿರಲ್ಲ, ನೀವೇ ತರಿಸಿ ಮಾರಿ, ಶುಲ್ಕವನ್ನು ಬೆಲೆಗೆ ಸೇರಿಸಿಕೊಳ್ಳಿ." ಒಪ್ಪಿದರೆ ಒಳ್ಳೆಯದು. "ಅದೆಲ್ಲ ಆಮೇಲೆ ನೀವೇ ಮಾಡಿಸ್ಕೊಳ್ಳಿ" ಎಂದರೆ ಕಷ್ಟ ಎಲ್ಲಿದೆ ಎಂದು ಅವರಿಗೆ ಗೊತ್ತಿದೆ.

ಆದರೆ ನಿಮಗೆ ಅಲ್ಲಿ ಇನ್ನೊಂದು ತೊಡಕಿದೆ. 42 ಲಕ್ಷ ಸೈಟಿಗೇ ಹೋದರೆ ಮನೆ ಕಟ್ಟಲು ಉಳಿಯುವುದೇನು? ಸೈಟಿನ ಕಂತು, ಇಲ್ಲಿನ ಬಾಡಿಗೆ, ಎರಡನ್ನೂ ಹೊರಬೇಕು. ಅರ್ಧ ಕಟ್ಟಿ ನಿಂತ ಮನೆಗಳ ಫೋಟೋಗಳು ನನ್ನ ಹಳೆಯ ಫೈಲುಗಳಲ್ಲಿ ತುಂಬಿದ್ದವು. ಕಾಂಕ್ರೀಟಿನಿಂದ ಹೊರಗೆ ಚಾಚಿದ ತುಕ್ಕು ಹಿಡಿದ ಕಬ್ಬಿಣ ನೋಡಿದರೆ ಈಗಲೂ ನನಗೆ ಯಾರದೋ ಮನೆಯ ಜಗಳ ಕಿವಿಗೆ ಬಿದ್ದಂತಾಗುತ್ತದೆ. ಕಟ್ಟಿ ಮುಗಿಸಿದ ಮೇಲೂ ವಿದ್ಯುತ್ತಿನದೊಂದು ಕಥೆ ಇದೆ. ಸುಪ್ರೀಂ ಕೋರ್ಟಿನ 2024ರ ಡಿಸೆಂಬರ್ ತೀರ್ಪಿನ ನಂತರ ಓಸಿ (ಸ್ವಾಧೀನಾನುಭವ ಪ್ರಮಾಣಪತ್ರ) ಇಲ್ಲದ ಹೊಸ ಮನೆಗಳಿಗೆ ಕರೆಂಟು, ನೀರಿನ ಸಂಪರ್ಕ ಸಿಗದೆ ಸಾವಿರಾರು ಜನ ಒದ್ದಾಡಿದರು, ಆಮೇಲೆ ಸಣ್ಣ ಮನೆಗಳಿಗೆ ಸಡಿಲಿಕೆ ಬಂತು. ನಿಯಮ ಹೀಗೆ ಹಿಂದೆ ಮುಂದೆ ತೂಗಾಡುವ ಹೊತ್ತಿನಲ್ಲಿ ಕಟ್ಟಲು ಹೊರಡುವುದಕ್ಕೆ ಗಟ್ಟಿ ಗುಂಡಿಗೆ ಬೇಕು, ಗುಂಡಿಗೆಗಿಂತ ಗಟ್ಟಿ ಬ್ಯಾಂಕ್ ಬ್ಯಾಲೆನ್ಸ್ ಬೇಕು.

ನೀರಿನ ಬಗ್ಗೆ ಒಂದೇ ಮಾತು. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಚಾಲೂ ಆಯಿತು. ದಿನಕ್ಕೆ 775 ದಶಲಕ್ಷ ಲೀಟರ್, ಮುಖ್ಯವಾಗಿ 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು. ಊರಿಗೆ ಬಂದ ನೀರು ಬೀದಿಗೆ ಬಂದಿದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಉತ್ತರ ಕೊಡುವವರು ಮಾರುವವರಲ್ಲ, ಆ ಬೀದಿಯ ಟ್ಯಾಂಕರ್ ಡ್ರೈವರು. ವಾರಕ್ಕೆ ಎಷ್ಟು ಲೋಡು, ಯಾವ ಮನೆಗೆ, ಬೇಸಿಗೆಯಲ್ಲಿ ರೇಟೆಷ್ಟು ಎಂದು ಅವನಿಗೆ ಗೊತ್ತಿರುವಷ್ಟು ಜಲಮಂಡಳಿಗೂ ಗೊತ್ತಿರಲಿಕ್ಕಿಲ್ಲ.

ಇನ್ನು ಕೆಂಗೇರಿ. 2007ರವರೆಗೆ ತನ್ನದೇ ಪುರಸಭೆ ಇದ್ದ ಊರು ಅದು. ಹಾಗಾಗಿ ಸಂತೆ, ದೇವಸ್ಥಾನ, ರೈಲು ನಿಲ್ದಾಣ, ಬಸ್ ನಿಲ್ದಾಣ ಎಲ್ಲ ಮೊದಲಿನಿಂದಲೇ ಇವೆ. ಕಮಾನು ಕಟ್ಟಿ ಹುಟ್ಟಿಸಿದ ಊರಲ್ಲ. ಮೆಟ್ರೋ 2021ರ ಆಗಸ್ಟಿನಲ್ಲಿ ಬಂತು. ನೀವು ಗಮನಿಸಿದಿರೋ ಇಲ್ಲವೋ, ವಿಜಯನಗರವೂ ಕೆಂಗೇರಿಯೂ ಒಂದೇ ನೇರಳೆ ಮಾರ್ಗದಲ್ಲಿವೆ. ನಿಮ್ಮ ಶಾಲೆಗೆ ರೈಲು ಬದಲಿಸದೆ ಬರಬಹುದು, ಮಕ್ಕಳ ಶಾಲೆಯನ್ನೂ ಬದಲಿಸಬೇಕಿಲ್ಲ. ಯಜಮಾನರು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿ ಪೀಣ್ಯ ಸೇರಬೇಕು, ಅದು ಅವರಿಗೆ ದೂರವೇ. ನೈಟ್ ಶಿಫ್ಟ್ ಇರುವ ವಾರ ಮೆಟ್ರೋ ನಂಬುವಂತಿಲ್ಲ, ಸ್ಕೂಟರೇ ಗತಿ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿದ್ದನ್ನೂ ತಿಂಗಳ ಖರ್ಚಿಗೆ ಸೇರಿಸಿಕೊಳ್ಳಿ.

ಹಾಗಾದರೆ ಅದು ವಿಜಯನಗರಕ್ಕಿಂತ ಯಾಕೆ ಅಗ್ಗ? ಐಟಿ ಕೆಲಸಗಳು ಹೆಚ್ಚಾಗಿ ಪೂರ್ವಕ್ಕೆ, ದಕ್ಷಿಣಕ್ಕೆ ಹೋದವು, ಬೆಲೆಯೂ ಅದರ ಹಿಂದೆಯೇ ಹೋಯಿತು. ಇನ್ನೊಂದು ಕಾರಣ ವೃಷಭಾವತಿ. ಹೆಸರಿಗೆ ನದಿ. ಊರಿನ ಕೊಳಚೆಯನ್ನೆಲ್ಲ ಹೊತ್ತು ಕೆಂಗೇರಿ ದಾಟಿಕೊಂಡು ಅರ್ಕಾವತಿಯ ಕಡೆ ಹೋಗುತ್ತದೆ. ಗಾಳಿ ಆ ಕಡೆಯಿಂದ ಬೀಸಿದ ಸಂಜೆ ಕಿಟಕಿ ತೆರೆಯಲಾಗದ ಮನೆಗಳಿವೆ. ದಲ್ಲಾಳಿ ನಿಮ್ಮನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದುಕೊಂಡು ಹೋಗಿರುತ್ತಾನೆ. ನೀವು ಸಂಜೆ ಏಳಕ್ಕೆ ಇನ್ನೊಮ್ಮೆ ಹೋಗಿ, ಮಳೆ ಬಂದ ಮರುದಿನ ಮತ್ತೊಮ್ಮೆ ಹೋಗಿ. 2022ರ ಸೆಪ್ಟೆಂಬರಿನಲ್ಲಿ ಊರಿನ ಪೂರ್ವದಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳ ಜನ ಟ್ರ್ಯಾಕ್ಟರಿನಲ್ಲಿ ಕೂತು ಆಫೀಸಿಗೆ ಹೋದದ್ದನ್ನು ಟಿವಿಯಲ್ಲಿ ನೋಡಿದ್ದೀರಲ್ಲ? ಬಡವರ ಬಡಾವಣೆಯಾಗಲಿ ಶ್ರೀಮಂತರದಾಗಲಿ, ರಾಜಕಾಲುವೆ ಎಲ್ಲಿತ್ತು ಎಂದು ಮಳೆನೀರಿಗೆ ಗೊತ್ತು. ಹಳೆಯ ಗ್ರಾಮನಕ್ಷೆ ತೆಗೆಸಿ ನೋಡಿದರೆ ನಿಮಗೂ ಗೊತ್ತಾಗುತ್ತದೆ.

ಬಂದ ಮೆಟ್ರೋದ ಬೆಲೆಯನ್ನು ಮಾರುವವರು ಈಗಾಗಲೇ 60 ಲಕ್ಷದಲ್ಲಿ ಸೇರಿಸಿಕೊಂಡಿದ್ದಾರೆ ಎಂಬುದು ನೆನಪಿರಲಿ. ಹಾಗಾಗಿ ಕೊಂಡ ಮೇಲೆ ಬೆಲೆ ಚಿಮ್ಮುತ್ತದೆ ಎಂದು ಕಾಯಬೇಡಿ. ಅದು ಫ್ಲ್ಯಾಟು, ಹನ್ನೆರಡು ವರ್ಷದ್ದು. ಕ್ರಯಪತ್ರದಲ್ಲಿ ಭೂಮಿಯ ಅವಿಭಜಿತ ಪಾಲು ಎಷ್ಟು ಚದರಡಿ ಎಂದು ನೋಡಿ. 1,050 ಎಂದು ಹೇಳುವ ಫ್ಲ್ಯಾಟಿಗೆ ಭೂಮಿ 400 ಇದ್ದರೆ ಹೆಚ್ಚು. ಮುಂದೆ ಬೆಲೆ ಏರುವುದು ಆ 400ಕ್ಕೆ, ಗೋಡೆಗಲ್ಲ. ಓಸಿ ಇದೆಯೇ? 'ಆಗ ಯಾರೂ ಓಸಿ ತಗೊಳ್ತಿರಲಿಲ್ಲ' ಎನ್ನುತ್ತಾರೆ. ತಗೊಂಡವರೂ ಇದ್ದಾರೆ, ಅಂಥದ್ದನ್ನೇ ಹುಡುಕಿ. ನಿವಾಸಿಗಳ ಸಂಘ ನೋಂದಣಿ ಆಗಿದೆಯೇ, ಅದರ ಬಳಿ ಲಿಫ್ಟು ರಿಪೇರಿಗಾದರೂ ದುಡ್ಡಿದೆಯೇ? ಮೆಟ್ಟಿಲಲ್ಲಿ ಸಿಗುವ ಯಾರಾದರೂ ಅಜ್ಜಿಯ ಜೊತೆ ಹತ್ತು ನಿಮಿಷ ಕೂತರೆ ಸಂಘದ ಹತ್ತು ವರ್ಷದ ಇತಿಹಾಸ ಹೊರಗೆ ಬೀಳುತ್ತದೆ.

ಈಗ ದುಡ್ಡು. 60 ಲಕ್ಷಕ್ಕೆ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ಶೇ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಸುಮಾರು 4.56 ಲಕ್ಷ. ಇದನ್ನು ಬ್ಯಾಂಕು ಸಾಲದಲ್ಲಿ ಕೊಡುವುದಿಲ್ಲ, ಕೈಯಿಂದಲೇ ಹೋಗಬೇಕು. ಬೆಲೆ 50 ಲಕ್ಷ ಅಥವಾ ಅದಕ್ಕೆ ಮೇಲಿದ್ದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕು. ಮರೆತರೆ ದಂಡ ನಿಮಗೆ, ಅವರಿಗಲ್ಲ. ನಿಮ್ಮ 30 ಲಕ್ಷದಲ್ಲಿ 4 ಲಕ್ಷ ಮುಟ್ಟಬೇಡಿ, ಮಗಳ ಪಿಯುಸಿ ಎದುರಿಗೇ ಇದೆ. ಉಳಿದದ್ದರಲ್ಲಿ ನೋಂದಣಿ ಕಳೆದರೆ 21.4 ಲಕ್ಷ. ಅಂದರೆ ಸಾಲ 38.6 ಲಕ್ಷ. ಶೇ 8.5ಕ್ಕೆ, ಇಪ್ಪತ್ತು ವರ್ಷಕ್ಕೆ, ಕಂತು ಸುಮಾರು 33,500. ಮೇಂಟೆನೆನ್ಸ್ 3,000 ಸೇರಿಸಿ 36,500.

ಓಟಿ ಇಲ್ಲದ ತಿಂಗಳು ನಿಮ್ಮಿಬ್ಬರದೂ ಸೇರಿ 69,000. ಅದರ ಅರ್ಧಕ್ಕಿಂತ ಹೆಚ್ಚು ಮನೆಗೇ ಹೋಗುತ್ತದೆ. ಬಿಗಿ. ಬ್ಯಾಂಕು 54,000ದ ಸ್ಯಾಲರಿ ಸ್ಲಿಪ್ಪು ನೋಡಿ ನಗುತ್ತಾ ಕೊಟ್ಟುಬಿಡಬಹುದು, ನಾನೇ ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಕೊಡುವವರ ಲೆಕ್ಕ ಒಳ್ಳೆಯ ತಿಂಗಳಿನದು, ಕಟ್ಟುವವರ ಲೆಕ್ಕ ಕೆಟ್ಟ ತಿಂಗಳಿನದಾಗಿರಬೇಕು. ಇಪ್ಪತ್ತು ವರ್ಷಕ್ಕೆ ಯಜಮಾನರಿಗೆ 63 ತುಂಬುತ್ತದೆ, ಕಾರ್ಖಾನೆ ಅಷ್ಟು ದಿನ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಬೋನಸ್ಸು ಬಂದಾಗಲೆಲ್ಲ ಅಸಲಿಗೆ ಕಟ್ಟಬೇಕು. ಫ್ಲೋಟಿಂಗ್ ಬಡ್ಡಿಯ ಗೃಹಸಾಲಕ್ಕೆ ಅವಧಿಗೆ ಮೊದಲೇ ಕಟ್ಟಿದರೆ ದಂಡ ಇಲ್ಲ. ಬೆಲೆಯನ್ನು 55ಕ್ಕೆ ಇಳಿಸಲು ಆಗುತ್ತದೋ ನೋಡಿ. ಹಳೆಯ ಫ್ಲ್ಯಾಟು ಮಾರುವವರಿಗೆ, ಸಾಲ ಮಂಜೂರಾದ ಪತ್ರ ಹಿಡಿದು ಬಂದವರು ಎಂದರೆ ತೂಕ ಇದೆ.

ಕೊಳ್ಳುವ ಮೊದಲು ಮೂರು ತಿಂಗಳು ಒಂದು ಅಭ್ಯಾಸ ಮಾಡಿ. ಈಗಿನ ಬಾಡಿಗೆ 17,000 ಕಟ್ಟಿದ ಮೇಲೆ ತಿಂಗಳ 5ನೇ ತಾರೀಖು 19,500 ತೆಗೆದು ಪಕ್ಕಕ್ಕಿಡಿ, ಮುಟ್ಟಬೇಡಿ. ನಡುವೆ ಒಂದು ಹಬ್ಬ, ಒಂದು ಜ್ವರ, ಓಟಿ ಇಲ್ಲದ ಒಂದು ತಿಂಗಳು ಬರಲಿ. ಮೂರೂ ತಿಂಗಳು ದಾಟಿದರೆ ಕೊಳ್ಳಿ. ದಾಟದಿದ್ದರೆ ಇನ್ನೂ ಎರಡು ವರ್ಷ ಬಾಡಿಗೆ ಮನೆಯಲ್ಲಿರಿ, ಅದರಲ್ಲಿ ನಾಚಿಕೆಯೇನೂ ಇಲ್ಲ.

'ಈಗ ಬಿಟ್ಟರೆ ನೆಲವೇ ಸಿಗುವುದಿಲ್ಲ' ಎಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಬೆಂಗಳೂರಿನಲ್ಲಿ ಪ್ರತಿ ಮನೆಯಲ್ಲೂ ಒಂದು 'ಬಿಟ್ಟ ಸೈಟಿನ' ಕಥೆ ಇರುತ್ತದೆ. ನನ್ನದೂ ಇದೆ. 1998ರಲ್ಲಿ ನಾಗರಭಾವಿಯಲ್ಲಿ ಒಂದು ಸೈಟನ್ನು ರಾತ್ರಿ ನರಿ ಕೂಗುತ್ತದೆ ಎಂದು ಬೇಡ ಎಂದೆ. ಇವತ್ತಿಗೂ ಊಟಕ್ಕೆ ಕೂತಾಗ ನಮ್ಮ ಮನೆಯವರು ಆ ನರಿಯನ್ನು ನೆನೆಸಿಕೊಳ್ಳುತ್ತಾರೆ. ಆದರೆ ಅದಕ್ಕೂ ಮೊದಲು, ಇನ್ನೊಂದು ಕಡೆ, ಒಬ್ಬ ಪರಿಚಯದವರ ಮಾತು ಕೇಳಿ 60,000 ಮುಂಗಡ ಕೊಟ್ಟು ಕಳೆದುಕೊಂಡಿದ್ದೆವು. ಆ ಕಥೆಯನ್ನು ನಾವು ಯಾರಿಗೂ ಹೇಳಿಲ್ಲ, ಇಲ್ಲೇ ಮೊದಲು. ಬಿಟ್ಟದ್ದನ್ನು ಎಲ್ಲರೂ ಹೇಳುತ್ತಾರೆ, ಕಳೆದುಕೊಂಡದ್ದನ್ನು ಯಾರೂ ಹೇಳುವುದಿಲ್ಲ. ಹಾಗಾಗಿ ಕೇಳುವವರಿಗೆ ಈ ಊರಲ್ಲಿ ನೆಲ ಕೊಂಡವರೆಲ್ಲ ಗೆದ್ದಂತೆಯೇ ಕಾಣುತ್ತದೆ.

ಮೈದುನನ ವಿಷಯ ನಾಜೂಕಾದದ್ದು. ಅವನು ಮೋಸಗಾರ ಎಂದು ನಾನು ಹೇಳುತ್ತಿಲ್ಲ, ತನ್ನ 10 ಲಕ್ಷವನ್ನೂ ಹಾಕಿದ್ದಾನಲ್ಲ. ಬಹುಶಃ ಅವನಿಗೂ ರಾತ್ರಿ ನಿದ್ದೆಯಿಲ್ಲ, ಜೊತೆಗೆ ಒಬ್ಬರಿದ್ದರೆ ಧೈರ್ಯ ಎಂದಿರಬಹುದು. ಅವನೆದುರು ನೆಲಮಂಗಲ ಬೇಡ ಎನ್ನಬೇಡಿ, ಯಜಮಾನರು ತಮ್ಮನ ಪಕ್ಷಕ್ಕೆ ಹೋಗಿಬಿಡುತ್ತಾರೆ. "ಕಾಗದದ ಜೆರಾಕ್ಸ್ ಕೊಡಪ್ಪ, ವಕೀಲರಿಗೆ ತೋರಿಸೋಣ, ನಿನ್ನದನ್ನೂ ಸೇರಿಸಿ" ಎನ್ನಿ. ವಕೀಲರ ಫೀಸು ನೀವೇ ಕೊಡಿ. ನಿಮ್ಮ 21 ಲಕ್ಷ ಉಳಿಯುವುದರ ಜೊತೆಗೆ ಅವನ 10 ಲಕ್ಷದಲ್ಲಿ ಒಂದಿಷ್ಟು ವಾಪಸು ಬರುವ ದಾರಿಯೂ ಅದರಲ್ಲಿ ಕಾಣಬಹುದು.

ಇನ್ನೊಂದು, ಇದನ್ನು ನೀವು ಕೇಳಿಲ್ಲ. ಕೈಯಲ್ಲಿರುವ 30 ಲಕ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ನಿಮ್ಮ ತವರಿನದು. ಕ್ರಯಪತ್ರದಲ್ಲಿ ನಿಮ್ಮ ಹೆಸರು ಇರಬೇಕು, ಇಬ್ಬರದೂ ಇದ್ದರೆ ನಿಮ್ಮದು ಮೊದಲು. ಯಜಮಾನರಿಗೆ ಬೇಸರವಾದೀತು ಎಂದು ಮಾತೆತ್ತದೆ ಇರಬೇಡಿ. ಇಬ್ಬರೂ ಸಹ-ಸಾಲಗಾರರಾಗಿ ಸಹಿ ಹಾಕುವಾಗ ಮಾಲೀಕರಾಗಿಯೂ ಇಬ್ಬರೇ ಇರುವುದು ಬ್ಯಾಂಕಿಗೂ ಇಷ್ಟ ಎಂದು ನನ್ನ ಹೆಸರಲ್ಲೇ ಹೇಳಿ.

ಈ ಭಾನುವಾರ ಸಂಜೆ ಏಳಕ್ಕೆ ಕೆಂಗೇರಿಗೆ ಹೋಗಿ, ನಿಲ್ದಾಣದಿಂದ ಆ ಮನೆಯವರೆಗೆ ನೀವೇ ನಡೆಯಿರಿ, ಮಗಳನ್ನೂ ಕರೆದುಕೊಂಡು ಹೋಗಿ. ಟ್ಯೂಷನ್ ಮುಗಿಸಿ ಆ ದಾರಿಯಲ್ಲಿ ನಡೆದು ಬರಬೇಕಾದವಳು ಅವಳು. ದೀಪ ಇದೆಯೋ ಇಲ್ಲವೋ, ಅಂಗಡಿಗಳು ತೆರೆದಿರುತ್ತವೋ ಇಲ್ಲವೋ ಎಂದು ಅವಳೇ ಹೇಳಲಿ. ಸೋಮವಾರ ಆ ಫ್ಲ್ಯಾಟಿನ ಇಸಿಗೆ (ಋಣಭಾರ ಪ್ರಮಾಣಪತ್ರಕ್ಕೆ) ಅರ್ಜಿ ಹಾಕಿ, 2014ರಿಂದಲ್ಲ, ಕಟ್ಟಡ ಏಳುವ ಮೊದಲಿನ ಭೂಮಿಯದೂ ಸೇರಿ ಮೂವತ್ತು ವರ್ಷದ್ದು. ಇಸಿ ಕೈಗೆ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.